ಗಾಡಿಯ ಕಾಲಿಗೆ ನೀರು

ನಮ್ಮ ವ್ಯಾನಿಗೆ ಚಳಿಜ್ವರ ಬರುತ್ತಿತ್ತು. ಹೀಗೆಂದವಳು ನಾನಲ್ಲ, ಅಪ್ಪ. ಅದೂ ತಮಾಷೆ ಮಾಡುವ ಚೈತನ್ಯ ಅವನಲ್ಲಿ ಇನ್ನೂ ಉಳಿದಿದ್ದ ಮೊದಮೊದಲ ದಿನಗಳಲ್ಲಿ. ಸುಮ್ಮನೆ ಓಡುವಾಗ ಗಾಡಿಗೆ ಏನೂ ಆಗುತ್ತಿರಲಿಲ್ಲ. ಬ್ರೇಕ್ ಒತ್ತಿದೆನೋ, ಸ್ಟೇರಿಂಗು ನನ್ನ ಅಂಗೈಯೊಳಗೆ ಗಡಗಡ ನಡುಗಲು ಶುರು. ಆ ನಡುಕ ಕೆಳಗಿನ ತಗಡಿಗೆ ಇಳಿದು, ಹಿಂದೆ ಹಾಸಿಗೆಯ ಮೇಲೆ ಮಲಗಿರುತ್ತಿದ್ದ ಅಪ್ಪನ ಬೆನ್ನಿಗೆ ಹೋಗಿ ಮುಟ್ಟುತ್ತಿತ್ತು. ಅವನ ಬೆನ್ನುಮೂಳೆಯ ಆಪರೇಷನ್ ಆಗಿ ಬಹಳ ದಿನ ಕಳೆದಿರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿದ ಹೊಸದರ ಮಾತು. ಮೊಳಕಾಲ್ಮೂರಿನಲ್ಲಿ ಅಪ್ಪನದು ಕಿರಾಣಿ ಅಂಗಡಿ. ಅಪ್ಪ ಅವ್ವನಿಗೆ ನಾನೊಬ್ಬಳೇ ಮಗಳು, ರಾಂಪುರದ ಸ್ಕೂಲಿನಲ್ಲಿ ಟೀಚರು. ಒಂದು ದಿನ ಅವ್ವ ಶಾವಿಗೆ ಒತ್ತುವ ಮಣೆ ಬೇಕೆಂದಳು. ಅದು ಅಟ್ಟದ ಮೇಲಿತ್ತು. ಅಪ್ಪ ಹತ್ತಿದ, ಮಣೆ ಕೈಗೆ ಸಿಕ್ಕಿತು, ಕಾಲಿಗೆ ಏಣಿ ಸಿಗಲಿಲ್ಲ. ಆಮೇಲೆ ದೊಡ್ಡ ಊರಿನ ಆಸ್ಪತ್ರೆ, ಆಪರೇಷನ್, ಎಲ್ಲ ಮುಗಿದು ಮನೆಗೆ ಬಂದಾಗ ಮಂಡಿಯಿಂದ ಕೆಳಗೆ ಅವನಿಗೆ ಸ್ಪರ್ಶವೇ ಇರಲಿಲ್ಲ. ನೋವೆಲ್ಲ ಬೆನ್ನಿನಲ್ಲೇ ಮನೆ ಮಾಡಿಕೊಂಡಿತ್ತು.

ಚಳ್ಳಕೆರೆಯಲ್ಲಿ ಇಂಥವರಿಗೆ ವ್ಯಾಯಾಮ ಮಾಡಿಸುವ ಡಾಕ್ಟರೊಬ್ಬರಿದ್ದರು. ಅಪ್ಪನ ಕಾಲು ಮುಟ್ಟಿ, ಎತ್ತಿ, ಮಡಿಸಿ ನೋಡಿ, "ವಾರಕ್ಕೆ ಎರಡು ಸಲ ತಪ್ಪದೆ ಕರ್ಕೊಂಡು ಬನ್ನಿ. ಎದ್ದು ನಿಲ್ಲೋ ಹಾಗೆ ಮಾಡಬಹುದು. ಆದ್ರೆ ಮಧ್ಯೆ ಬಿಟ್ಟರೆ ಮಾತ್ರ ಆಮೇಲೆ ನನ್ನ ಕೈಲೂ ಆಗಲ್ಲ" ಎಂದರು. ಅವ್ವ ಅವರ ಕಾಲಿಗೆ ಬೀಳಲು ಹೋದಳು. ನಾನು ವ್ಯಾನಿನ ನಡುವಿನ ಸೀಟು ಬಿಚ್ಚಿಸಿ ಅಲ್ಲಿ ಹಾಸಿಗೆ ಹಾಕಿಸಿದೆ. ಬಸ್ಸಿನಲ್ಲಿ ಅವನನ್ನು ಕೂರಿಸುವ ಮಾತೇ ಇರಲಿಲ್ಲ. ಒಂದು ಸಲ ಬಾಡಿಗೆ ಜೀಪು ತಂದು ನೋಡಿದ್ದೆವು. ಹಾನಗಲ್ ಕ್ರಾಸು ಮುಟ್ಟುವಷ್ಟರಲ್ಲಿ ಅಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು, ಹಿಂದಕ್ಕೆ ಕರೆತಂದೆವು. ಹಾಗಾಗಿ ಅಪ್ಪ ಎದ್ದು ನಿಲ್ಲಬೇಕೆಂದರೆ ಈ ವ್ಯಾನು ನೆಟ್ಟಗಿರಬೇಕಿತ್ತು. ಅದು ನೆಟ್ಟಗಿರುತ್ತಿರಲಿಲ್ಲ.

ಮೊದಲ ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ನಡುಕ ಶುರುವಾಯಿತು. ಆ ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಹೋಗಲು ಯಾರಿಗೂ ಸಾಧ್ಯವಿಲ್ಲ. ತಳಕು ಊರಲ್ಲಿ ರಸ್ತೆಯ ಹಂಪು, ಅದರಾಚೆ ಕುರಿಮಂದೆ, ಸುಗ್ಗಿ ಬಂತೆಂದರೆ ಗಾಡಿಗಳು ತುಳಿಯಲಿ ಎಂದು ಟಾರಿನ ಮೇಲೆ ಉದ್ದಕ್ಕೂ ಹರಡಿದ ಹುರುಳಿ. ಒಂದೊಂದು ಸಲ ಬ್ರೇಕ್ ಒತ್ತಿದಾಗಲೂ ಹಿಂದಿನಿಂದ "ಅಯ್ಯಯ್ಯಪ್ಪಾ" ಎಂಬ ಸದ್ದು. ನಾನು ಕನ್ನಡಿಯಲ್ಲಿ ಹಿಂದೆ ನೋಡುವುದನ್ನೇ ಬಿಟ್ಟೆ.

ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಸಾಲಿನ ಕೊನೆಗೆ, ಒಬ್ಬ ಸಾಹೇಬರ ಗ್ಯಾರೇಜು. ಅವರು ಮುಂದಿನ ಚಕ್ರ ಬಿಚ್ಚಿ, ಒಳಗಿದ್ದ ಊಟದ ತಟ್ಟೆಯಗಲದ ಕಬ್ಬಿಣದ ಬಿಲ್ಲೆಯನ್ನು ತೋರಿಸಿದರು. ಡಿಸ್ಕು. ಬ್ರೇಕ್ ಒತ್ತಿದಾಗ ಎರಡು ಕಡೆಯಿಂದ ಕಚ್ಚಿ ಹಿಡಿಯುವುದು ಅದನ್ನೇ. ಅದು ಒಂದೇ ಒಂದು ಎಳೆಯಷ್ಟು ಸೊಟ್ಟಗಾದರೂ ಸಾಕು, ಕಚ್ಚಿದಾಗೆಲ್ಲ ಗಾಡಿ ಅದುರುತ್ತದೆ.

"ಬೆಂಡ್ ಆಗೈತೆ ಮೇಡಂ. ಲೇತು ಮಿಷನ್ನಿಗೆ ಹಾಕಿ ಸಾಪು ಮಾಡ್ಸಿ ಕೊಡ್ತೀನಿ, ಫಿಕರ್ ಮಾಡಬ್ಯಾಡ್ರಿ."

ಸಾಪು ಮಾಡಿಸಿ ಕೊಟ್ಟರು. ವ್ಯಾನು ಬೆಣ್ಣೆಯ ಹಾಗೆ ನಿಂತಿತು. ನಾಲ್ಕಾರು ಸಲ ಓಡಾಡಿದೆವು, ಮತ್ತೆ ಶುರು. ಮತ್ತೆ ಲೇತು. ಮತ್ತೆ ಶುರು. ಹೊಸ ಡಿಸ್ಕನ್ನೇ ಹಾಕಿಸಿದೆ, ಅದೂ ಸೊಟ್ಟ. ಆಗ ಸಾಹೇಬರು ತಲೆ ಕೆರೆದುಕೊಂಡು, "ಬೇಜಾರಾಗಬ್ಯಾಡ್ರಿ ಮೇಡಂ, ನೀವು ಬ್ರೇಕ್ ಮ್ಯಾಲೆ ಪಾಂವ್ ಇಟ್ಕಂಡೇ ಓಡಿಸ್ತೀರಿ ಅಂತ ಕಾಣ್ತೈತೆ. ಹೆಂಗಸ್ರು ಹೆದರ್ತಾರೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಬೆನ್ನು ಮುರಿದು ಹಿಂದೆ ಮಲಗಿಸ್ತೀನಿ ಸಾಹೇಬ್ರೇ, ಆಮೇಲೆ ನೀವೇ ಹೇಳಿ ಎಷ್ಟು ಜೋರಾಗಿ ಓಡಿಸಬೇಕು ಅಂತ" ಎಂದೆ. ಪಾಪ, ಅವರು ಇನ್ನೊಂದು ಡಿಸ್ಕು ಹುಡುಕಲು ಹೋದರು. ಆದರೆ ಅವರ ಮಾತು ನನ್ನ ತಲೆಯಲ್ಲಿ ಗೂಟ ಹೊಡೆದು ಕೂತಿತು. ನಾನು ಮೆಲ್ಲಗೆ, ಅಪ್ಪನಿಗೆ ಕುಲುಕದ ಹಾಗೆ, ಬ್ರೇಕ್ ಹಿಡಿದು ಹಿಡಿದು ಓಡಿಸುತ್ತಿದ್ದದ್ದು ನಿಜವೇ ಆಗಿತ್ತು. ಅದರಲ್ಲೂ ನಮ್ಮೂರಿನ ಗುಡ್ಡಗಳ ನಡುವಿನ ಇಳಿಜಾರು, ಅದು ಮುಗಿದರೆ ಸಂತೆ ಬೀದಿಯ ಜನ, ಎಮ್ಮೆ, ಆಟೋ. ಮನೆ ಮುಂದೆ ನಿಲ್ಲಿಸುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು.

ಅಪ್ಪನ ತಮಾಷೆ ಎಂದೋ ನಿಂತುಹೋಗಿತ್ತು. ಹೊರಡುವ ದಿನ ಬೆಳಗಿನಿಂದಲೇ ಅವನು ಊಟ ಮುಟ್ಟುತ್ತಿರಲಿಲ್ಲ. ಕೊನೆಗೊಮ್ಮೆ ಗೋಡೆ ಕಡೆ ಮುಖ ಮಾಡಿಕೊಂಡು, "ನಾನು ಬರಾಕಿಲ್ಲ. ಸಾಕು" ಎಂದುಬಿಟ್ಟ.

ಅವ್ವ ಅತ್ತಳು, ಬೇಡಿಕೊಂಡಳು. "ನಿಮ್ಮ ಕಾಲು ಹಿಡೀತೀನ್ರೀ, ಒಂದಿಷ್ಟು ದಿನ ತಡ್ಕೊಳ್ರಿ."

"ಹಿಡಿ, ನನಗೇನು ಗೊತ್ತಾಗ್ತೈತಾ?" ಎಂದ ಅಪ್ಪ. ಅವ್ವ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ರೇಗಿದೆ, ಗದರಿದೆ, ಮಾತು ಬಿಟ್ಟೆ. ಯಾವುದಕ್ಕೂ ಅವನು ಜಗ್ಗಲಿಲ್ಲ. ದಿನ ಹೋಗಿ ವಾರ, ವಾರ ಹೋಗಿ ತಿಂಗಳಾಯಿತು. ಡಾಕ್ಟರು ಹೇಳಿದ್ದು ನೆನಪಾದಾಗೆಲ್ಲ ನನಗೆ ತರಗತಿಯಲ್ಲಿ ಪಾಠ ಮರೆತುಹೋಗುತ್ತಿತ್ತು. ಮನೆಗೆ ಬಂದರೆ ಅಪ್ಪನ ಮೀನಖಂಡಗಳು ಕಣ್ಣೆದುರೇ ಸೊರಗುತ್ತಿದ್ದವು. ಏನು ಮಾಡಬೇಕೆಂದು ನಿಜಕ್ಕೂ ತೋಚದ ಕಾಲ ಅದು.

ಸಾಹೇಬರೇ ಎಲ್ಲಿಂದಲೋ ಬೇರೆ ತರಹದ ಡಿಸ್ಕು ತರಿಸಿ ಹಾಕಿಕೊಟ್ಟರು. ಅಪ್ಪನ ಮುಂದೆ ಆಣೆ ಮಾಡಿ, "ಇದೊಂದು ಸಲ ಬಾ, ನಡುಗಿದರೆ ಆಮೇಲೆ ಕರೆಯಲ್ಲ" ಎಂದೆ. ಬಂದ. ಹೋಗುವಾಗ ನಡುಗಲಿಲ್ಲ, ಬರುವಾಗಲೂ ನಡುಗಲಿಲ್ಲ. ತಳಕಿನ ಹಂಪಿನ ಹತ್ತಿರ ಅಪ್ಪ, "ಪರವಾಗಿಲ್ಲ ತಾಯಿ" ಎಂದ. ಎಷ್ಟೋ ದಿನದ ಮೇಲೆ ನಾನು ಕನ್ನಡಿಯಲ್ಲಿ ಅವನ ಮುಖ ನೋಡಿದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅವ್ವನ ತವರು ರಾಂಪುರದ ಕಡೆಯ ಬೇಸಾಯದ ಮನೆ. ಅಲ್ಲಿ ಪರವೂರಿಂದ ಬಂದ ಎತ್ತುಗಳನ್ನು ಕಾಲಿಗೆ ನೀರು ಹಾಕದೆ ಕೊಟ್ಟಿಗೆಗೆ ಕಟ್ಟುತ್ತಿರಲಿಲ್ಲ. ದಣಿದು ಬಂದ ಜೀವ, ದಾರಿಯ ಧೂಳಿನ ಜೊತೆ ದಾರಿಯ ಕೇಡೂ ಅಲ್ಲೇ ತೊಳೆದು ಹೋಗಬೇಕು. ನಮ್ಮಲ್ಲಿ ಎತ್ತಿನ ಬಂಡಿ ಹೋಗಿ ವ್ಯಾನು ಬಂತು, ಅವ್ವನ ಕೊಡಪಾನ ಹಾಗೇ ಉಳಿಯಿತು. ಮೊದಲೆಲ್ಲ ಜಾತ್ರೆಗೋ ಮದುವೆಗೋ ಹೋಗಿ ಬಂದಾಗ ಮಾತ್ರ ಹಾಕುತ್ತಿದ್ದಳು. ಅಪ್ಪ ಬಿದ್ದ ಮೇಲೆ ಒಂದು ಸಲವೂ ತಪ್ಪಿಸಲಿಲ್ಲ. ವ್ಯಾನು ನಿಂತ ಕೂಡಲೇ ಮುಂದಿನ ಎರಡು ಚಕ್ರಕ್ಕೆ ತಣ್ಣೀರು ಸುರಿಯಬೇಕು, ಆಮೇಲೇ ಅಪ್ಪನನ್ನು ಇಳಿಸಬೇಕು. ಅಷ್ಟರಲ್ಲಿ ನಾನು ಒಳಗೋಡಿ ಹಾಸಿಗೆ ಸರಿಮಾಡಿ, ಪಕ್ಕದ ಮನೆಯ ನೇಕಾರ ಅಣ್ಣತಮ್ಮಂದಿರನ್ನು ಮಗ್ಗದ ಗುಂಡಿಯಿಂದ ಎಬ್ಬಿಸಿ ತರುತ್ತಿದ್ದೆ. ಅವರೇ ಅಪ್ಪನನ್ನು ಎತ್ತಿ ಇಳಿಸುವವರು.

ಆವತ್ತು ಆ ಅಣ್ಣತಮ್ಮಂದಿರು ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಹಾಸಿಗೆಯನ್ನೂ ಅವ್ವ ಹಾಸಿಟ್ಟಿದ್ದಳು. ಹಾಗಾಗಿ ನಾನು ಒಳಗೋಡದೆ, ವ್ಯಾನಿನ ಬಾಗಿಲು ತೆರೆದು ಅಪ್ಪನ ಭುಜ ಹಿಡಿದು ನಿಂತಿದ್ದೆ. ಅವ್ವ ಕೊಡಪಾನ ಬಗ್ಗಿಸಿದಳು. ಕಾದ ರೊಟ್ಟಿ ಹೆಂಚಿಗೆ ನೀರು ಬಿದ್ದ ಹಾಗೆ ಚಕ್ರದೊಳಗಿನಿಂದ ಚುಂಯ್ ಎಂದು ಸದ್ದು ಬಂತು. ಬಿಳಿ ಹಬೆ ಎದ್ದಿತು. ಅದರ ಹಿಂದೆಯೇ ಒಂದು ಸಣ್ಣ "ಟಣ್".

ನನಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಕಾದು ಕೆಂಡವಾದ ಕಬ್ಬಿಣದ ಒಂದು ಮಗ್ಗುಲಿಗೆ ಬಾವಿಯ ತಣ್ಣೀರು. ಲೇತು, ಹೊಸ ಡಿಸ್ಕು, ನನ್ನ ಪಾದ, ಸಾಹೇಬರ ಮೇಲಿನ ಕೂಗಾಟ, ಎಲ್ಲ ದಂಡ. "ಅವ್ವಾ!" ಎಂದು ಬಾಯಿ ತೆರೆದೆ. ಅಪ್ಪ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಒಡೆದು ಚುಚ್ಚಿತು.

"ಏನು ಮಗಾ?" ಎಂದಳು ಅವ್ವ.

"ಏನಿಲ್ಲ, ಬ್ಯಾಗು ಮರ್ತಿದ್ಲು" ಎಂದ ಅಪ್ಪ.

ಅಪ್ಪನನ್ನು ಒಳಗೆ ತಂದು ಮಲಗಿಸಿ, ಅವ್ವ ಅಡುಗೆಮನೆಗೆ ಹೋದ ಮೇಲೆ ನಾನು ಹಾಸಿಗೆಯ ಪಕ್ಕ ಕೂತೆ. "ನಿನಗೆ ಗೊತ್ತಿತ್ತಾ?"

"ಬಂಡಿ ಚಕ್ರಕ್ಕೆ ಪಟ್ಟಿ ಏರಿಸೋದ ನೋಡೇ ಬೆಳ್ದೋನು ನಾನು. ಬೆಂಕ್ಯಾಗೆ ಕಾಸಿ, ಏರಿಸಿ, ನೀರು ಹಾಕಿದ್ರೆ ಕಬ್ಣ ಹೆಂಗೆ ಮುದುಡ್ಕೊಂತೈತೆ ಅಂತ ನನಗೆ ಗೊತ್ತಿಲ್ಲೇನು? ಸದ್ದು ಪ್ರತಿ ಸಲಾನೂ ಕೇಳ್ತಿದ್ದೆ. ಮಲಗಿದೋನ ಕಿವಿ ಪಕ್ಕದಾಗೇ ಅಲ್ವಾ."

ನನಗೆ ಸಿಟ್ಟು ನೆತ್ತಿಗೇರಿತು. ಪಿಸುಮಾತಿನಲ್ಲೇ ಕಿರುಚಿದೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ? ಹೋಗೋದನ್ನೇ ಬಿಟ್ಟೆಯಲ್ಲ! ನಿನ್ನ ಕಾಲಿಗಿಂತ ಅವ್ವನ ಕೊಡಪಾನ ಹೆಚ್ಚಾಯ್ತಾ?"

ಅಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಹೇಳಿದ: "ಅಟ್ಟ ಹತ್ತಿಸಿದೋಳು ನಾನೇ ಅಂತ ಅವಳು ಒಳಗೇ ಬೇಯ್ತಾ ಅವಳೆ. ಶಾವಿಗೆ ಬಾಯಿಗೆ ಹಾಕ್ಕೊಂಡಿಲ್ಲ ಆವತ್ತಿಂದ, ನೋಡಿದೀಯಾ? ಆ ಒಂದು ಕೊಡ ನೀರು ಹಾಕಿದ್ರೆ ಅವಳಿಗೆ ಜೀವ ಬಂದಂಗಾಗ್ತೈತೆ. ಈಗ ಇದೂ ನಿನ್ನಿಂದ್ಲೇ ಆಗಿದ್ದು ಅಂದ್ರೆ ಅವಳು ಉಳೀತಾಳಾ ತಾಯಿ?"

"ನೀರು ಹಾಕಬೇಡ ಅಂತಷ್ಟೇ ಹೇಳ್ತೀನಿ. ಕಾರಣ ಹೇಳಲ್ಲ."

"ಯಾಕೆ ಅಂತಾಳೆ. ಅವಳೇನು ದಡ್ಡಿಯಾ? ಒಂದು ಗಳಿಗೆ ಸಾಕು ಅವಳಿಗೆ ತಿಳ್ಕೊಳಾಕೆ."

ಅದು ನಿಜವಾಗಿತ್ತು. ಅವ್ವನ ಕಣ್ಣಿಗೆ ಮಣ್ಣೆರಚುವುದು ನಮ್ಮಿಬ್ಬರಿಂದಲೂ ಆಗದ ಕೆಲಸ. ಕೊನೆಗೆ ನಾವಿಬ್ಬರೂ ಕಳ್ಳರ ಹಾಗೆ ಒಂದು ಉಪಾಯ ಹೂಡಿದೆವು. ಡಿಸ್ಕು ಮತ್ತೆ ಲೇತಿಗೆ ಹೋಗಿ ಬಂತು. ಚಳ್ಳಕೆರೆಯಿಂದ ವಾಪಸ್ಸು ಬರುವಾಗ, ಇಳಿಜಾರು ಮುಗಿದ ಮೇಲೆ, ಊರಿನ ಹೊರಗಿನ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸುವುದು. ಚಕ್ರ ಆರುವವರೆಗೆ ಕಾಯುವುದು. ಆಮೇಲೆ ಬ್ರೇಕ್ ಮುಟ್ಟಿಯೂ ಮುಟ್ಟದ ಹಾಗೆ ಮನೆಗೆ ಹೋಗುವುದು. ವ್ಯಾಯಾಮದಿಂದ ನುಗ್ಗಾದ ಅಪ್ಪನಿಗೆ ಆ ಕಾಯುವಿಕೆ ಹಿಂಸೆಯೇ. ಬಂಡೆಗಳ ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ನಾನು ಪುಸ್ತಕದಿಂದ ಗಾಳಿ ಬೀಸುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದ, "ಆರಿತಾ ನೋಡು" ಎನ್ನುತ್ತಿದ್ದ.

ನಡುಕ ನಿಂತಿತು. ಪೂರ್ತಿ ನಿಂತೇಹೋಯಿತು. ಸಾಹೇಬರು ಡಿಸ್ಕು ತಾವೇ ಹುಡುಕಿ ತಂದದ್ದೆಂದು ಬೀಗಿದರು. ಅವ್ವ ತನ್ನ ನೀರಿಗೆ ಕಡೆಗೂ ಫಲ ಬಂತೆಂದು ಸಂತೋಷಪಟ್ಟಳು. "ಬಿಡದೆ ಹಾಕಿದ್ದಕ್ಕೇ ಗಾಡಿ ಸಮಾಧಾನ ಆತು ನೋಡು" ಎಂದು ನನ್ನ ಮುಂದೆ ಹೇಳಿದಳು. ನಾನು ಹೌದೆಂದೆ. ಹೌದೆನ್ನುವಾಗ ಅವಳನ್ನು ಹಿಡಿದು ಅಲುಗಾಡಿಸಬೇಕು ಎನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನಿಸಿತು.

ಆದರೆ ನಾವು ಕಳೆದುಕೊಂಡ ತಿಂಗಳು ಕಳೆದುಹೋಗಿಯೇ ಇತ್ತು. ಡಾಕ್ಟರು ಬಹಳ ಪ್ರಯತ್ನಪಟ್ಟರು. ಕೊನೆಗೊಂದು ದಿನ ಹತ್ತಿಯನ್ನು ಐಸುನೀರಿನಲ್ಲಿ ಅದ್ದಿ ಅಪ್ಪನ ಪಾದದ ಮೇಲೆ ಎಳೆದರು. "ತಣ್ಣಗಿದೆಯಾ ಯಜಮಾನ್ರೇ?"

ಅಪ್ಪ ಸೂರು ನೋಡುತ್ತಾ, "ಮುಟ್ಟಿದ್ರಾ?" ಎಂದ.

ಡಾಕ್ಟರು ಹತ್ತಿಯನ್ನು ಕೆಳಗಿಟ್ಟರು. ನನ್ನನ್ನು ಹೊರಗೆ ಕರೆಯಲಿಲ್ಲ, ಅವನ ಎದುರಿಗೇ ಹೇಳಿದರು. ಇನ್ನು ಅಷ್ಟು ದೂರದಿಂದ ಸುಮ್ಮನೆ ಕಷ್ಟಪಟ್ಟು ಬರುವುದರಲ್ಲಿ ಅರ್ಥವಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು.

ವಾಪಸ್ಸು ಬರುವಾಗ ನನಗೆ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಬೇವಿನ ಮರ ಬಂತು, ನಾನು ನಿಲ್ಲಿಸಲಿಲ್ಲ. "ನಿಲ್ಸು" ಎಂದ ಅಪ್ಪ.

"ಇನ್ನು ಯಾಕೆ? ಬೆಂಡಾದರೆ ಆಗಲಿ. ಹಾಳಾಗಿ ಹೋಗಲಿ ಈ ಗಾಡಿ! ಇನ್ನೆಲ್ಲಿಗೆ ಹೋಗೋದೈತೆ ನಾವು?"

"ಚುಂಯ್ ಅಂತೈತೆ. ಅವಳಿಗೂ ಕಿವಿ ಅವೆ. ಒಂದಿನ ಆ ಸದ್ದು ಯಾಕಂತ ತಿಳೀತೈತೆ. ನಿಲ್ಸು ತಾಯಿ."

ನಿಲ್ಲಿಸಿದೆ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ, ಅವನೂ ಅಳುತ್ತಿದ್ದನೇನೋ, ನಾನು ತಿರುಗಿ ನೋಡಲಿಲ್ಲ. ಚಕ್ರ ಆರಿದ ಮೇಲೆ ಮನೆಗೆ ಹೋದೆವು.

ಅವ್ವ ಕೊಡಪಾನ ಹಿಡಿದು ಬಾಗಿಲಲ್ಲೇ ಇದ್ದಳು. ಎರಡು ಚಕ್ರಕ್ಕೂ ಸುರಿದಳು, ಸದ್ದಿಲ್ಲದೆ ನೀರು ಹರಿದುಹೋಯಿತು. ನೇಕಾರ ಅಣ್ಣತಮ್ಮಂದಿರು "ಮೆಲ್ಲಗಾ, ಮೆಲ್ಲಗಾ" ಎನ್ನುತ್ತಾ ಅಪ್ಪನನ್ನು ಇಳಿಸಿ ಕಟ್ಟೆಯ ಮೇಲೆ ಒರಗಿಸಿದರು. ಬಿಸಿಲು ಜೋರಿತ್ತು. ಡಾಕ್ಟರು ಏನೆಂದರೆಂದು ಅವ್ವ ನನ್ನ ಮುಖ ನೋಡಿದಳು, ನಾನು ಬೇರೆ ಕಡೆ ನೋಡಿದೆ. ಅವಳು ಕುಕ್ಕರುಗಾಲಿನಲ್ಲಿ ಕೂತು, ಕೊಡದಲ್ಲಿ ಉಳಿದಿದ್ದ ನೀರನ್ನು ಅಪ್ಪನ ಪಾದಗಳ ಮೇಲೆ ನಿಧಾನವಾಗಿ ಬಿಟ್ಟಳು. ಬೆರಳ ಸಂದಿಗಳನ್ನು ಉಜ್ಜಿ ತೊಳೆದಳು.

"ತಣ್ಣಗೈತೇನ್ರೀ?" ಎಂದಳು.

ಅಪ್ಪ ನೀರನ್ನು ನೋಡಲಿಲ್ಲ, ಅವಳ ಮುಖ ನೋಡಿದ. "ಐತೆ. ಹಾಯಾಗೈತೆ. ಇನ್ನೊಂದಿಷ್ಟು ಹಾಕು" ಎಂದ.

ಅವ್ವ ಇನ್ನೊಂದು ಕೊಡ ತರಲು ಬಾವಿಗೆ ಓಡಿದಳು.