ಇಲಿ ಔಷಧಿ

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಮಂಜುಗಡ್ಡೆ ತುಂಬಿದ ಥರ್ಮಾಸಿನೊಳಗೆ ಒಂದು ಪುಟ್ಟ ಸೀಸೆಯನ್ನಿಟ್ಟುಕೊಂಡು ಬಳ್ಳಾರಿಯ ನಮ್ಮ ಪ್ರಯೋಗಾಲಯಕ್ಕೆ ಹೊರಟಿದ್ದೆ. ಸೀಸೆಯಲ್ಲಿದ್ದದ್ದು ಇಲಿಯ ಮೈಯಲ್ಲಿ ತಯಾರಾದ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ. ರಕ್ತದ ಬಿಳಿಕಣಗಳ ಮೈಮೇಲಿರುವ ಒಂದು ಗ್ರಾಹಕವನ್ನು, ಅಂದರೆ ರಿಸೆಪ್ಟರನ್ನು, ಹುಡುಕಿ ಅಂಟಿಕೊಳ್ಳುವುದಷ್ಟೇ ಅದರ ಕೆಲಸ. ಬಿಸಿ ತಾಗಿದರೆ ಅದನ್ನೂ ಮಾಡುವುದಿಲ್ಲ. ಇನ್ನೊಂದು ಸೀಸೆ ಬೇಕೆಂದರೆ ಮತ್ತೆ ವಿದೇಶದಿಂದಲೇ ಬರಬೇಕು.

ಸಿರುಗುಪ್ಪದಲ್ಲಿ ಇಳಿದು ಬಳ್ಳಾರಿ ಬಸ್ಸು ಹತ್ತಿದೊಡನೆ ಕಂಡಕ್ಟರ್ ಕೇಳಿದ, "ಏನ್ರೀ ಅದು?"

"ಔಷಧಿ ಇದ್ದಂಗ್ರಿ. ಇಲಿಯಿಂದ ಮಾಡಿದ್ದು."

"ಇಲಿ ಔಷಧಿ! ವಿಷ ಒಳಗ ಒಯ್ಯಂಗಿಲ್ರಿ. ಟಾಪಿಗೆ ಹಾಕ್ರಿ, ಇಲ್ಲಂದ್ರ ಇಳೀರಿ."

"ಟಾಪಿಗೂ ಹಾಕಂಗಿಲ್ಲ, ಇಳಿಯಂಗೂ ಇಲ್ಲ. ಇದು ಇಲಿ ಕೊಲ್ಲಾಕಲ್ರಿ, ಇಲಿನ ಕೊಟ್ಟಿದ್ದು."

"ಕೊಡಾಕ ಅದೇನು ಎಮ್ಮಿ ಏನ್ರೀ?"

ಬಸ್ಸೆಲ್ಲ ನಕ್ಕಿತು. ನಾನು ಥರ್ಮಾಸನ್ನು ತಬ್ಬಿಕೊಂಡು ಸೀಟಿನಲ್ಲಿ ಗಟ್ಟಿಯಾಗಿ ಕೂತೆ. ಅವನು ಸೀಟಿ ಊದಲಿಲ್ಲ, ಬಸ್ಸು ಕದಲಲಿಲ್ಲ, ಮಂಜುಗಡ್ಡೆ ಮಾತ್ರ ಕರಗುತ್ತಿತ್ತು. ಪೊಲೀಸರನ್ನು ಕರೆಯುತ್ತೇನೆಂದ. ಕರೆಯಿರಿ, ಬರುವಾಗ ಒಂದಿಷ್ಟು ಮಂಜುಗಡ್ಡೆ ತರಲು ಹೇಳಿ ಎಂದೆ.

ಕೊನೆಗೆ ಪಕ್ಕದಲ್ಲಿ ಕೂತಿದ್ದ ಕರೂರಿನ ಹಿರಿಯ ರೈತರೊಬ್ಬರು ಎದ್ದು ನಿಂತು ಗದರಿದರು: "ಲೇ ತಮ್ಮಾ, ಬಿಸಲಿಗಿಟ್ರ ಔಷಧಿ ಕೆಡತೈತಿ. ನಮ್ಮ ಗದ್ಯಾಗ ಇಲಿ ಎಷ್ಟದಾವ ಗೊತ್ತೇನು ನಿನಗ? ರೈಟ್ ಅನ್ನು!"

ಕಂಡಕ್ಟರ್ ರೈಟ್ ಅಂದ. ಬಳ್ಳಾರಿ ಮುಟ್ಟಿದಾಗ ಸೀಸೆ ಇನ್ನೂ ತಣ್ಣಗಿತ್ತು.

ಇಳಿಯುವಾಗ ರೈತರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ಎಕರೆಗೆ ಎಷ್ಟು ಹಾಕಬೇಕ್ರಿ?"

ವಿಜ್ಞಾನವನ್ನು ಮತ್ತೊಮ್ಮೆ ವಿವರಿಸುವ ಧೈರ್ಯವಾಗಲಿಲ್ಲ. ಆಟೋ ಕರೆದೆ.