ಗಾಳಿಪೆಟ್ಟಿಗೆಗೆ ಸುರಿದ ನೀರು

ಈರಣ್ಣ, ಆ ಹೊಸ ಮೋಟಾರಿಗೆ ನೀರು ಸುರಿದವಳು ನಾನು. ಕೈತಪ್ಪಿ ಅಲ್ಲ — ಬೇಕೆಂದೇ ಸುರಿದೆ.

ನೀನು ಕುಷ್ಟಗಿಯಲ್ಲಿ ನಮ್ಮ ಮಾವನವರ ಹತ್ತಿ ಬಿಡಿಸುವ ಜಿನ್ನಿನ ಫಿಟ್ಟರ್. ಊರಿಗೆ ಇನ್ನೂ ಕರೆಂಟು ಬಂದಿರದ ಕಾಲ. ನೀನೇ ಜಿನ್ನಿನ ಎಂಜಿನ್ನಿಗೆ ಡೈನಮೋ ಹಚ್ಚಿ ಮನೆಗೆ ತಂತಿ ಎಳೆದು, ನಡುಮನೆಯ ಕಿಟಕಿಗೆ ಗಾಳಿಪೆಟ್ಟಿಗೆ ಕೂಡಿಸಿದ್ದೆ. ಒಳಗೆ ಫ್ಯಾನು, ಅದರ ಬೆನ್ನಿಗೆ ಲಾವಂಚದ ತಟ್ಟಿ. ತಟ್ಟಿಗೆ ನೀರು ಹಾಕುವ ಕೆಲಸ ನನ್ನದು. ಅತ್ತೆ ಅದರೆದುರು ಮಲಗಿ, “ಭಾಳ ಛಲೋ ಆತು ನೋಡು,” ಎನ್ನುತ್ತಿದ್ದರು. ನನಗೋ — ಉಸಿರು ಕಟ್ಟುತ್ತಿತ್ತು. ತಲೆಬಾಗಿಲಿಗೆ ಬರುವಂತಿಲ್ಲದ ಸೊಸೆಗೆ ಇದ್ದದ್ದು ಅದೊಂದೇ ಕಿಟಕಿ. ಮಾವನವರು ನನ್ನ ತವರಿನವರೊಡನೆ ಮಾತು ಬಿಟ್ಟಿದ್ದರು. ಸಂತೆಯ ದಿನ ಹನುಮಸಾಗರದಿಂದ ಅಣ್ಣ ಬಂಡಿ ಹೊಡೆದುಕೊಂಡು ಬಂದರೆ, ಅಲ್ಲಿಂದಲೇ ಅವನ ಮುಖ ನೋಡಬೇಕಿತ್ತು. ಪೆಟ್ಟಿಗೆ ಬಂದ ಮೇಲೆ ಅದರ ಪಕ್ಕದ ಸಂದಿಯಷ್ಟೇ ಉಳಿದಿತ್ತು.

ಹಳೆಯ ಮೋಟಾರು ಸುಟ್ಟಾಗ ನೀನು ಪೆಟ್ಟಿಗೆ ಇಳಿಸಿದೆ. ಅಬ್ಬಾ, ಆ ಬೆಳಕು! ಆ ಸಂತೆಯ ದಿನ ಅಣ್ಣ ಕಿಟಕಿಯೆದುರು ಬಂಡಿ ನಿಲ್ಲಿಸಿ, ನೊಗ ಸರಿಪಡಿಸುವ ನೆವ ಮಾಡಿ, “ಅವ್ವ ಆರಾಮ ಅದಾಳ,” ಎಂದ. ಅಷ್ಟೇ. ನಾನು ಅದನ್ನೇ ವಾರವಿಡೀ ನೆನೆದು ಕಣ್ಣೀರು ಹಾಕಿದೆ.

ಮುಂದಿನ ಸಂತೆಗೆ ಮುಂಚೆಯೇ ಹೊಸ ಮೋಟಾರು ಬಂತು. ನೀನು ಅದನ್ನು ಬಿಗಿದು, ಬೆರಳಿನಿಂದ ರೆಕ್ಕೆ ತಿರುಗಿಸಿ, ತಲೆದೂಗಿ ಹೋದೆ. ನಾನು ಕೊಡ ಎತ್ತಿದೆ.

ಸುಟ್ಟ ವಾಸನೆಗೆ ಮನೆಯವರೆಲ್ಲ ಸೇರಿದರು. ನೀನು ಮೋಟಾರು ಬಿಚ್ಚಿದಾಗ ನೀರು ತೊಟ್ಟಿಕ್ಕಿತು.

“ತಟ್ಟಿಗೆ ನೀರು ಹಾಕೋರನ್ನ ಒಂದು ಮಾತು ಕೇಳ್ರಿ ಸಾಹುಕಾರ್ರ,” ಎಂದೆ ನೀನು, ತಲೆ ಎತ್ತದೆ.

“ನಮ್ಮ ಸೊಸಿ ಮಾವನ ಮುಂದ ಬಾಯಿ ತಗಿಯಾಕಿ ಅಲ್ಲ,” ಎಂದರು ಅತ್ತೆ.

“ನೀರು ಹೋಗೋ ಹಂಗ ಕೂಡ್ಸಿದವ ಯಾರಲೇ?” ಎಂದು ಮಾವನವರು ಗದರಿದರು. ಅವತ್ತೇ ನಿನ್ನ ಕೆಲಸ ಹೋಯಿತು. ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದೆ. ಯಾವ ರೀತಿರಿವಾಜಿಗೆ ದಿನಾ ಶಾಪ ಹಾಕುತ್ತಿದ್ದೆನೋ, ಅದರ ಹಿಂದೆಯೇ ಅಡಗಿಕೊಂಡೆ — ಎಂಥ ಹೇಡಿ!

ಹೊಸ ಫಿಟ್ಟರ್ ಬಂದು ಪೆಟ್ಟಿಗೆಯ ಸುತ್ತ ಸಂದಿಯೂ ಉಳಿಯದಂತೆ ತಗಡು ಬಡಿದ. ಆಮೇಲೆ ಅಣ್ಣನ ಬಂಡಿಯ ಸದ್ದನ್ನಷ್ಟೇ ಕೇಳುತ್ತಿದ್ದೆ. ಅದು ನನಗೆ ಆಗಬೇಕಾದದ್ದೇ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ — ಮಾವನ ಎದುರು ಸೊಸೆ ಹೇಗೆ ಮಾತಾಡಿಯಾಳು, ಎಂದು. ಸುಳ್ಳು. ನೀವು ಊರು ಬಿಡುವ ದಿನ ನಿನ್ನ ಹೆಂಡತಿ ಗಂಗವ್ವ, ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದಳು. ನಿನಗೆ ಹೇಳಿದ್ದಳೋ ಇಲ್ಲವೋ.

“ನಿಮಗ ಗೊತ್ತೈತ್ರಿ ಅಕ್ಕಾರ. ಮನ್ಯಾಗ ಒಂದು ಮಾತು ಹೇಳ್ರಿ,” ಎಂದಳು.

ಮಾವನವರಿರಲಿಲ್ಲ. ಅತ್ತೆಯೂ ಇರಲಿಲ್ಲ. ಇಬ್ಬರೇ ಹೆಂಗಸರು — ನನ್ನ ಬಾಯಿಗೆ ಯಾರ ಕೈಯೂ ಅಡ್ಡ ಇರಲಿಲ್ಲ.

“ನನಗೇನೂ ಗೊತ್ತಿಲ್ಲವ್ವಾ,” ಎಂದು ಬಾಗಿಲು ಮುಂದೆ ಮಾಡಿಕೊಂಡೆ.