ತಲೆ ಮೇಲೆ ಕೈ ಹೊತ್ತು ಕೂತ ಅಣ್ಣ

ಧೈರ್ಯ ಹೇಳಲು ಹೋಗಿ ನಮ್ಮಣ್ಣನನ್ನು ಸಾಯಿಸಿಬಿಡುತ್ತಿದ್ದೆ. ಉತ್ಪ್ರೇಕ್ಷೆಯಲ್ಲ, ನಡೆದದ್ದೇ ಹಾಗೆ.

ಕಿಕ್ಕೇರಿಯ ಶಿವಣ್ಣ ನನ್ನ ದೊಡ್ಡಪ್ಪನ ಮಗ. ಶ್ವಾಸಕೋಶದ ಕ್ಯಾನ್ಸರು, ಟ್ರೀಟ್‌ಮೆಂಟ್ ನಡೆಯುತ್ತಿತ್ತು. ಮೊನ್ನೆ ಭಾನುವಾರ ನಾಗಮಂಗಲದಿಂದ ಆಪಲ್ಲು, ಬ್ರೆಡ್ಡು ಹಿಡಿದು ನೋಡಲು ಹೋದೆ. (ಜೊತೆಗೊಂದು ಭಾಷಣವೂ ಇತ್ತು. ಬಸ್ಸಿನಲ್ಲೇ ರೆಡಿ ಮಾಡಿಕೊಂಡಿದ್ದೆ.)

ಶಿವಣ್ಣ ಮಂಚದ ಮೇಲೆ ಮುಂದಕ್ಕೆ ಬಗ್ಗಿ, ಮೊಣಕಾಲಿಗೆ ಮೊಣಕೈ ಊರಿ, ತಲೆ ಹಿಡಿದು ಕೂತಿದ್ದ. ನಮ್ಮ ಕಡೆ ತಲೆ ಮೇಲೆ ಕೈ ಹೊತ್ತು ಕೂತರೆ ಮನೆಗೆ ಆಗಿಬರುವುದಿಲ್ಲ. ಹಿರಿಯರು ಕೈಗೆ ಹೊಡೆದು ತೆಗೆಸುತ್ತಾರೆ.

"ನಿನ್ನೆಯಿಂದ ಇಂಗೇ ಕೂತವ್ರೆ. ಮನಿಕ್ಕೊಳಿ ಅಂದ್ರೆ ಕೇಳಕ್ಕಿಲ್ಲ" ಎಂದು ಅತ್ತಿಗೆ ಜಯಮ್ಮ ಕಣ್ಣೊರೆಸಿಕೊಂಡರು.

ನನಗೆ ತಕ್ಷಣ ಗೊತ್ತಾಯಿತು. ಡಿಪ್ರೆಶನ್! ಪಾಸಿಟಿವ್ ಥಿಂಕಿಂಗ್ ಬಗ್ಗೆ ಇದೇ ಅಂಕಣದಲ್ಲಿ ನಿಮ್ಮ ತಲೆ ಎಷ್ಟು ತಿಂದಿಲ್ಲ ನಾನು?

"ತಲೆ ಮೇಲಿಂದ ಕೈ ತೆಗಿಯಣ್ಣ. ಎಲ್ಲಾ ಮನಸ್ನಲ್ಲಿರೋದು. ಆರಾಮಾಗಿ ಮನಿಕ್ಕೊ."

"ಬುಡ್ಲಾ... ಇಂಗೇ ವಾಸಿ..." ಎಂದ.

ಬಿಟ್ಟೆನಾ? ಭುಜ ಹಿಡಿದು ಅಂಗಾತ ಮಲಗಿಸಿದೆ. ಭಾಷಣ ಶುರು ಮಾಡುವಷ್ಟರಲ್ಲಿ ಅವನ ತುಟಿ ನೀಲಿಯಾಯಿತು. ಕತ್ತಿನ ನರ ಉಬ್ಬಿದವು. ಉಸಿರಿಗಾಗಿ ನನ್ನ ಶರ್ಟು ಹಿಡಿದು ಎಳೆದ. ನಾನು ಕಂಬದ ಹಾಗೆ ನಿಂತಿದ್ದೆ. ಜಯಮ್ಮನೇ ಓಡಿಬಂದು ಎತ್ತಿ ಕೂರಿಸಿದರು.

ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಹೊರಟೆವು. ಪಾಂಡವಪುರ, ಶ್ರೀರಂಗಪಟ್ಟಣ ದಾಟುವವರೆಗೂ ಅವನು ಮುಂದಿನ ಸೀಟಿಗೆ ತಲೆಯೂರಿ ಬಗ್ಗಿಯೇ ಕೂತಿದ್ದ.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ವಿವರಿಸಿದರು. ಕ್ಯಾನ್ಸರು ಶ್ವಾಸಕೋಶದಿಂದ ಹೃದಯದ ಸುತ್ತಲಿನ ಪೊರೆಗೂ ಹರಡಿದೆ. ಅಲ್ಲಿ ನೀರು ತುಂಬಿ ಹೃದಯವನ್ನು ಒತ್ತುತ್ತಿದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಮುಂದಕ್ಕೆ ಬಗ್ಗಿದರೆ ಸ್ವಲ್ಪ ಹಗುರ.

"ಇವರನ್ನ ಮಲಗಿಸಿದ್ದು ಯಾರು?" ಎಂದರು.

ನಾನು ಗೋಡೆ ನೋಡಿದೆ. (ಒಳ್ಳೆಯ ಗೋಡೆ.)

ಸೂಜಿ ಹಾಕಿ ನೀರು ತೆಗೆದ ಮೇಲೆ ಶಿವಣ್ಣನ ಮುಖಕ್ಕೆ ಬಣ್ಣ ಬಂತು. ಮತ್ತೆ ತುಂಬಿಕೊಳ್ಳಬಹುದಂತೆ. ಅದು ಅವನಿಗೂ ಗೊತ್ತು. ನನಗಂತೂ ಭಯವಾಗಿದೆ, ಸುಳ್ಳೇಕೆ ಹೇಳಲಿ?

ವಾರ್ಡಿನಲ್ಲಿ ಅವನ ಮುಂದೆ ಮತ್ತೆ ಬಾಯಿ ತೆರೆದೆ. ಕೈ ಅಡ್ಡ ಹಿಡಿದ.

"ಧೈರ್ಯ ಗಿರ್ಯ ಏನೂ ಯೋಳ್ಬೇಡ ಕಣ್ಲಾ. ಸುಮ್ಕೆ ಪಕ್ಕದಲ್ಲಿ ಕೂತ್ಕೊ."

ಕೂತೆ. 'ಯಾಕಣ್ಣ ಇಂಗೆ ಕೂತಿದ್ದೀಯ' ಎಂದು ಅವತ್ತು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?